ಟ್ರೇಯಲ್ಲಿ ನೊರಜು, ತಪ್ಪು ನೀರಿನದು

ಕೋಲಾರದ ಕಡೆಯ ಒಂದು ತರಕಾರಿ ಸಸಿ ನರ್ಸರಿಯಲ್ಲಿ ನಾನು ಮೇಲ್ವಿಚಾರಕ. 98 ಗುಳಿಗಳ ಟ್ರೇಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಗುಳಿಗೊಂದು ಬೀಜ ಊರಿ, ಸಸಿ ಬೆಳೆಸಿ ರೈತರಿಗೆ ಕೊಡುವುದು ನಮ್ಮ ಕೆಲಸ. ಅದರಲ್ಲೂ ಕ್ಯಾಪ್ಸಿಕಂ ಬೀಜ ದುಬಾರಿ. ಒಂದು ಗುಳಿ ಖಾಲಿ ಉಳಿದರೂ ಹೊಟ್ಟೆ ಉರಿಯುತ್ತದೆ.

ಹೋದ ಮುಂಗಾರಿನಲ್ಲಿ ಕ್ಯಾಪ್ಸಿಕಂ ಸಸಿಗಳು ನಾಲ್ಕೆಲೆ ಬಿಟ್ಟು ಅಲ್ಲಿಯೇ ನಿಂತುಬಿಟ್ಟವು. ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ಗೊಬ್ಬರ ಸಾಲದೆಂದು 19:19:19 ಕೊಟ್ಟೆ. ಟ್ರೇ ಎತ್ತಿದಾಗಲೆಲ್ಲ ಕಪ್ಪು ನೊರಜುಗಳು ಏಳುತ್ತಿದ್ದವು. ಬಾಳೆಹಣ್ಣಿಗೆ ಮುತ್ತುವ ನೊಣವೇ ಇರಬೇಕೆಂದು ಒಂದು ಸಂಜೆ ಔಷಧಿ ಹೊಡೆಸಿದೆ. ಮರುದಿನ ಒಂದೂ ಇರಲಿಲ್ಲ. ನಾಲ್ಕನೆಯ ದಿನಕ್ಕೆ ಮತ್ತೆ ಅಷ್ಟೇ.

ಸಸಿ ಕೀಳುವ ಹೆಂಗಸೊಬ್ಬರು ಹೇಳಿದರು: "ಸಾರ್, ಇದು ಬೇರೇ ಹಿಡಿದಿಲ್ಲ ನೋಡಿ." ಸರಿಯಾದ ಸಸಿಯನ್ನು ಎಳೆದರೆ ಗುಳಿಯ ಆಕಾರದಲ್ಲೇ ಗಡ್ಡೆ ಬರುತ್ತದೆ, ಸುತ್ತ ಬಿಳಿ ಬೇರಿನ ಬಲೆ ಇರುತ್ತದೆ. ಅವರ ಕೈಯಲ್ಲಿದ್ದುದು ಬರಿಯ ಕಾಂಡ ಮತ್ತು ಎರಡು ಕಂದು ಎಳೆ. ಉದುರಿದ ಕೊಕೊಪೀಟನ್ನು ಅಂಗೈಯಲ್ಲಿ ಹರವಿದಾಗ ನೂಲಿನ ತುಣುಕಿನಂಥದ್ದೊಂದು ಹೊರಳಿತು. ಮೈ ಗಾಜಿನಂತೆ ಪಾರದರ್ಶಕ, ತಲೆ ಮಾತ್ರ ಮಿರುಗುವ ಕಪ್ಪು. ಟ್ರೇಯಿಂದ ಏಳುತ್ತಿದ್ದ ಆ ನೊರಜಿನ, ಅಂದರೆ ಫಂಗಸ್ ನ್ಯಾಟ್‌ನ ಮರಿ. ಇದರ ಮುಖ್ಯ ಊಟ ಬೂಷ್ಟು, ಪಾಚಿ, ಕೊಳೆತ ಪದಾರ್ಥ; ಜೊತೆಗೆ ಎಳೆಬೇರನ್ನೂ ಕೆರೆದು ತಿನ್ನುತ್ತದೆ.

ಎಲ್ಲೆಲ್ಲಿ ಹಬ್ಬಿದೆ ಎಂದು ನೋಡಲು ಆಲೂಗಡ್ಡೆ ಬಿಲ್ಲೆಗಳನ್ನು ಟ್ರೇಗಳ ಮೇಲೆ ಒತ್ತಿಟ್ಟೆವು. ಎರಡು ದಿನದ ನಂತರ ತಿರುಗಿಸಿದರೆ ಒಂದೊಂದರ ಅಡಿಯಲ್ಲೂ ಮರಿಗಳು. ಬಾಗಿಲ ಬಳಿಯ ಬಿಸಿಲು ಬೀಳುವ ಸಾಲಿನ ಬಿಲ್ಲೆಗಳು ಮಾತ್ರ ಸ್ವಚ್ಛವಾಗಿದ್ದವು. ಆಗ ನನಗೆ ನಾಚಿಕೆಯಾಯಿತು. ಮೋಡವಿರಲಿ ಬಿಸಿಲಿರಲಿ, ಗಡಿಯಾರ ನೋಡಿ ದಿನಕ್ಕೆ ಎರಡು ಸಲ ನೀರು ಬಿಡಿಸುತ್ತಿದ್ದವನು ನಾನೇ. ಟ್ರೇ ಮೇಲೆ ಹಸಿರು ಪಾಚಿ ಕಟ್ಟಿದ್ದನ್ನು ದಿನವೂ ನೋಡಿದ್ದೆ, ಏನೂ ಅನ್ನಿಸಿರಲಿಲ್ಲ.

ಹೆಣ್ಣು ನೊರಜು ಒಂದು ವಾರದಷ್ಟೇ ಬದುಕಿದರೂ ಅಷ್ಟರಲ್ಲಿ 200ರವರೆಗೆ ಮೊಟ್ಟೆ ಇಡಬಲ್ಲದು. 24 ಡಿಗ್ರಿ ಆಸುಪಾಸಿನಲ್ಲಿ ಮೊಟ್ಟೆ ಎರಡೂವರೆ ಮೂರು ವಾರದಲ್ಲಿ ಹಾರುವ ನೊರಜಾಗುತ್ತದೆ. ಈ ಅವಧಿಯ ಬಹುಭಾಗ ಕಳೆಯುವುದು ಒದ್ದೆ ಮೇಲ್ಪದರದಲ್ಲಿ. ನಾನು ಔಷಧಿ ಹೊಡೆಸಿದ್ದು ಗಾಳಿಗೆ.

ಮೊದಲು ನೀರು ಬದಲಾಯಿತು: ಟ್ರೇ ಎತ್ತಿ ತೂಕ ನೋಡಿ, ಹಗುರಾಗಿದ್ದರೆ ಮಾತ್ರ ನೀರು. ಪಾಚಿ ಕೆರೆಸಿ, ನರ್ಸರಿಯ ಹಿಂಬದಿಯಲ್ಲಿ ಕೊಳೆಯುತ್ತಿದ್ದ ಸಸಿ ರಾಶಿಯನ್ನು ದೂರ ಸಾಗಿಸಿದೆವು. ಹಳದಿ ಅಂಟುಹಾಳೆಗಳನ್ನು ಮೇಲೆ ತೂಗುಹಾಕದೆ ಟ್ರೇಯ ಮಟ್ಟಕ್ಕೇ ಮಲಗಿಸಿದೆವು. ಈ ನೊರಜು ಎತ್ತರಕ್ಕೆ ಹಾರುವ ಜಾತಿಯಲ್ಲ. ಮರಿಗಳಿಗೆ ಬಿಟಿ, ಅಂದರೆ ಹುಳು ಕೊಲ್ಲುವ ಒಂದು ಬ್ಯಾಕ್ಟೀರಿಯಾದ ಔಷಧಿ, ಸುರಿದೆವು. ಅಂಗಡಿಯವರು ಮೊದಲು ಕೊಟ್ಟದ್ದು ಎಲೆ ತಿನ್ನುವ ಹುಳುವಿನ ಬಿಟಿ. ಅದು ಇಲ್ಲಿ ನಾಟುವುದಿಲ್ಲ. ಬೇಕಾದದ್ದು ಸೊಳ್ಳೆ ಮರಿಗಳಿಗೆ ಬಳಸುವ 'ಇಸ್ರೇಲೆನ್ಸಿಸ್' ತಳಿ. ಅದನ್ನು ವಾರಕ್ಕೊಮ್ಮೆಯಂತೆ ಮೂರು ಸಲ ಕೊಟ್ಟೆವು. ಮರಿ ತಿಂದರಷ್ಟೇ ಸಾಯುತ್ತದೆ. ಮೊಟ್ಟೆಗೂ ಕೋಶಾವಸ್ಥೆಯಲ್ಲಿರುವ ಹುಳುವಿಗೂ ತಾಗುವುದಿಲ್ಲ. ಆದ್ದರಿಂದಲೇ ಒಂದೇ ಸಲಕ್ಕೆ ಮುಗಿಯಲಿಲ್ಲ. ತಿಂಗಳ ಹೊತ್ತಿಗೆ ಬಿಲ್ಲೆಗಳು ಖಾಲಿ ಬಂದವು. ಹಳೆಯ ತಂಡದ ಸಸಿಗಳನ್ನು ಮಾತ್ರ ರೈತರಿಗೆ ಕೊಡಲು ಮನಸ್ಸು ಬರದೆ ಎಸೆದೆವು.

ಇತ್ತೀಚೆಗೆ ಬೆಂಗಳೂರಿನಿಂದ ಅಕ್ಕ ಫೋನ್ ಮಾಡಿ, ಮನಿಪ್ಲಾಂಟ್ ಕುಂಡದಿಂದ ಸೊಳ್ಳೆ ಏಳುತ್ತಿವೆ ಎಂದಳು. ಕಚ್ಚುತ್ತವೆಯೇ ಎಂದರೆ ಇಲ್ಲವಂತೆ. ದಿನವೂ ನೀರು, ಮೇಲೆ ಕಾಫಿ ಚರಟ, ತಟ್ಟೆಯಲ್ಲಿ ನಿಂತ ನೀರು. ಚರಟ ತೆಗೆ, ತಟ್ಟೆ ಖಾಲಿ ಮಾಡು, ಮೇಲಿನ ಒಂದಂಗುಲ ಮಣ್ಣು ಒಣಗುವವರೆಗೆ ನೀರು ಮುಟ್ಟಿಸಬೇಡ, ಅಷ್ಟರಲ್ಲಿ ಒಂದು ಆಲೂಗಡ್ಡೆ ಬಿಲ್ಲೆ ಇಟ್ಟು ನೋಡು ಎಂದೆ.

"ಆಮೇಲೆ ಅದನ್ನು ಪಲ್ಯಕ್ಕೆ ಹಾಕಬಹುದೇನೋ?" ಎಂದಳು.