ಕರೆಂಟು ಹೋದ ಮೇಲೆ ಕೇಳಿಸಿದ್ದು

ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಅಕ್ಕ ಒಬ್ಬರು ನೇಯುವ ಕುಣಿಮಗ್ಗದ ಕುರಿತು, ಅಂದರೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗದ ಕುರಿತು, ಗೆಳೆಯನೊಬ್ಬ ಒಂಬತ್ತು ನಿಮಿಷದ ವಿಡಿಯೊ ಮಾಡಿದ್ದ. ಮಾತಿಲ್ಲ, ಕಥೆಯಿಲ್ಲ, ಕ್ಯಾಮೆರಾ ಕದಲುವುದಿಲ್ಲ. ಕತ್ತಲೆ ಕೋಣೆಯ ಗೋಡೆಯ ಮೇಲೆ ದಿನವಿಡೀ ಅದು ಮತ್ತೆ ಮತ್ತೆ ಓಡುತ್ತಿರಬೇಕು; ನೋಡುವವರು ಯಾವಾಗ ಬೇಕಾದರೂ ಬಂದು ಹೋಗಬಹುದು. ಸಂಗೀತ ನನ್ನ ಪಾಲಿಗೆ ಬಂದಿತ್ತು. ಹುಬ್ಬಳ್ಳಿಯ ಮನೆಯಲ್ಲಿ ಕೂತು ಸಿಂಥಸೈಜರಿನಲ್ಲಿ ಮಾಡಿದ್ದನ್ನು ಅವನಿಗೆ ಕೇಳಿಸಿದೆ. ‘ದೋಸ್ತ, ಇದು ಬರೇ ಅಳಾಕತ್ತೈತಿ. ಅಕ್ಕಾರು ಅಳಾಕತ್ತಿಲ್ಲ, ನೇಯಾಕತ್ತಾರ’ ಅಂದ. ಅದು ನನಗೆ ನಾಟಿತು. ಮರುದಿನವೇ ರೆಕಾರ್ಡರ್ ಹಿಡಿದು ಗದಗಿನ ರೈಲು ಹತ್ತಿದೆ.

ಓಣಿಯಲ್ಲಿ ಪವರ್‌ಲೂಮುಗಳ ಗದ್ದಲ. ಗೋಡೆ ದಾಟಿ ಬರುವ ಆ ಸಪ್ಪಳದಲ್ಲಿ ಕೈಮಗ್ಗ ಮುಳುಗಿಹೋಗಿತ್ತು. ಅದರ ಮೇಲೆ ಫ್ಯಾನು, ಟ್ಯೂಬ್‌ಲೈಟಿನ ಗುಂಯ್. ನಮ್ಮ ಕರೆಂಟು 50 ಹರ್ಟ್ಸಿನದು. ಅದರ ಗುನುಗು 50ರಲ್ಲಿ, 100ರಲ್ಲಿ ಬಂದು ಕೂರುತ್ತದೆ. ನನಗೆ ಮಂದ್ರದ ನಾದ ಬೇಕಾಗಿದ್ದುದೂ ಅಲ್ಲೇ. ಮಧ್ಯಾಹ್ನದವರೆಗೆ ಒಂದೂ ಸರಿಯಾದ ನಿಮಿಷ ಸಿಗಲಿಲ್ಲ.

ಆಮೇಲೆ ಕರೆಂಟು ಹೋಯಿತು. ಇಡೀ ಓಣಿ ಒಮ್ಮೆಲೇ ತಣ್ಣಗಾಯಿತು. ಅಕ್ಕ ಮಾತ್ರ ಕೈ ನಿಲ್ಲಿಸಲಿಲ್ಲ. ‘ನಮ್ಮ ಮಗ್ಗಕ್ಕ ಎಲ್ಲೀ ಕರೆಂಟ್ ತಮ್ಮಾ’ ಅಂದರು.

ಚಿಕ್ಕ ಮೈಕನ್ನು ಕುಣಿಯೊಳಗೆ ಇಳಿಬಿಟ್ಟು, ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದೆ. ಕಾಲು ಒತ್ತಿದಾಗ ಹಗ್ಗದ ಕಿರ್ರು, ಲಾಳಿ ಓಡುವ ಸುಂಯ್, ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುವ ಮರದ ದಪ್ಪ ದನಿ. ಮೇಲೆ ಒಣಗಿದಂತೆ ಕೇಳುತ್ತಿದ್ದ ಆ ಬಡಿತಕ್ಕೆ ಕೆಳಗೆ, ಮಣ್ಣಿನ ನಡುವೆ, ಬೇರೆಯದೇ ತುಂಬು ಇತ್ತು. ನಲವತ್ತು ನಿಮಿಷ ಕರೆಂಟು ಬರಲಿಲ್ಲ. ಅಷ್ಟು ಹೊತ್ತೂ ನಾನು ಅಲ್ಲಾಡಲಿಲ್ಲ.

ದನಿಯನ್ನು ಸೆಕೆಂಡಿಗೆ 96 ಸಾವಿರ ಸಲ ಅಳೆಯುವಂತೆ, 96 ಕಿಲೋಹರ್ಟ್ಸಿನಲ್ಲಿ, ಹಿಡಿದದ್ದರಿಂದ, ಮನೆಯಲ್ಲಿ ಅರ್ಧ ವೇಗಕ್ಕೆ ಇಳಿಸಿದರೂ ದನಿ ಮಂಕಾಗಲಿಲ್ಲ. ಒಂದು ಸಪ್ತಕ ಕೆಳಗಿಳಿದ ಮಗ್ಗದ ಪೆಟ್ಟು ಹಾರ್ಮೋನಿಯಂ ಮನೆಗಳಾದ ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ನಿಂತಿತು. ಹಾರ್ಮೋನಿಯಂ ಅಲ್ಲಿಗೆ ಹೋಗಲಾರದು, ತಂಬೂರಿ ಹೋಗುತ್ತದೆ. ಗಂಗೂಬಾಯಿ ಹಾನಗಲ್ಲರ ಊರಿನಲ್ಲಿ ಬೆಳೆದ ನನಗೆ ತಂಬೂರಿ ಎಂದೂ ಬರೀ ಹಿನ್ನೆಲೆ ಅನಿಸಿಲ್ಲ. ಷಡ್ಜವನ್ನು ಮಗ್ಗದಿಂದ ತೆಗೆದುಕೊಂಡು ತಂತಿ ಕೂಡಿಸಿದೆ; ಝೇಂಕಾರ ಬರಲೆಂದು ತಂತಿಯ ಕೆಳಗಿಡುವ ಜವಾರಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದೆ. ಸಿಂಥ್ ಪೂರ್ತಿ ತೆಗೆದೆ.

ತೊಡಕಾದದ್ದು ಕೊನೆ ಮೊದಲಿಗೆ ಸೇರುವ ಜಾಗದಲ್ಲಿ. ಎಷ್ಟು ನಯವಾಗಿ ಬೆಸೆದರೂ ಅಲ್ಲಿ ಉಸಿರು ತಪ್ಪುತ್ತಿತ್ತು. ಮಗ್ಗದ ಉದ್ದದ ಎಳೆಗಳಾದ ಹಾಸು ಮುಗಿದಾಗ ಹೊಸ ಹಾಸನ್ನು ಹಳೆಯದಕ್ಕೆ ಒಂದೊಂದೇ ಎಳೆಯಾಗಿ ಬೆರಳಲ್ಲಿ ಹೊಸೆದು ಸೇರಿಸುವುದನ್ನು ಅಕ್ಕ ಅಂದು ತೋರಿಸಿದ್ದರು. ಅದು ನೆನಪಾಗಿ, ಎಲ್ಲವನ್ನೂ ಒಂದೇ ಕಡೆ ಬೆಸೆಯುವುದು ಬಿಟ್ಟೆ. ತಂಬೂರಿ ಒಂದು ಕಡೆ, ಪೆಟ್ಟು ಇನ್ನೊಂದು ಕಡೆ, ಕುಣಿಯ ಗುಂಗು ಮತ್ತೊಂದು ಕಡೆ ಸೇರುವಂತೆ ಮಾಡಿದೆ. ಕೂಡುವ ಜಾಗ ಆಮೇಲೆ ನನಗೂ ಸಿಗಲಿಲ್ಲ.

ಮುಗಿದ ಮೇಲೆ ಮತ್ತೆ ಬೆಟಗೇರಿಗೆ ಹೋಗಿ ಅಕ್ಕನಿಗೆ ಕೇಳಿಸಿದೆ. ಐದನೆಯ ನಿಮಿಷದಲ್ಲಿ ಒಂದು ಉದ್ದದ ಖಾಲಿ ಇತ್ತು. ಆ ತುಣುಕಿನಲ್ಲಿ ನನಗೆ ತುಂಬ ಹಿಡಿಸಿದ ಜಾಗ ಅದೇ. ಅವರು ದಣಿವಾರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡು ತಂಬೂರಿಯನ್ನೂ ಅಲ್ಲಿ ಇಳಿಸಿದ್ದೆ. ಅದು ಬಂದೊಡನೆ ಅಕ್ಕ ಕೈ ಎತ್ತಿದರು.

‘ಇಲ್ಲೆ ಎಳಿ ಹರೀತು ನೋಡು ತಮ್ಮಾ. ಗಂಟ್ ಹಾಕಾಕತ್ತೀನಿ.’

ನೂರು ಸಲ ಕೇಳಿದ್ದೆ, ನನಗೆ ತಿಳಿದಿರಲಿಲ್ಲ. ಆ ರಾತ್ರಿ ಅಷ್ಟು ಭಾಗದ ದನಿಯನ್ನು ಮಾತ್ರ ಮೆಲ್ಲಗೆ ಏರಿಸುತ್ತ ಹೋದೆ, ನೂಲಿನ ಮೇಲೆ ಬೆರಳು ಉಜ್ಜುವುದು ಕೇಳಿಸುವವರೆಗೂ.