ಬನಶಂಕರಿಯ ಗಡಿಗೆ ಮೊಸರು ಮತ್ತು ನಮ್ಮ ಹತ್ತು ದಿನ

ವಿಜಯಪುರದಿಂದ ಹೊರಟ ರೈಲು ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟುವ ಹೊತ್ತಿಗೆ, ಬಾದಾಮಿಯಲ್ಲಿ ಏನನ್ನು ಚಿತ್ರಿಸಬೇಕೆಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಮೊಸರಿನ ಹಳೆಯ ಗಡಿಗೆಗಳು ತಮ್ಮ ಸಣ್ಣ ರಂಧ್ರಗಳಲ್ಲಿ ಹಿಂದಿನ ದಿನಗಳ ಜೀವಾಣುಗಳನ್ನು ಉಳಿಸಿಕೊಂಡಿರುತ್ತವೆ, ಹಾಗಾಗಿ ಗಡಿಗೆಗೆ ಒಂದು ಬಗೆಯ ನೆನಪಿದೆ ಎಂಬುದು ನನ್ನ ಕಲ್ಪನೆ. ಒಬ್ಬ ಚಿತ್ರಕಾರರನ್ನೂ ಒಬ್ಬ ವಿಜ್ಞಾನಿಯನ್ನೂ ಜೊತೆಯಾಗಿಸಿ, ಆಹಾರ ಮತ್ತು ಸೂಕ್ಷ್ಮಜೀವಿಗಳ ಕುರಿತು ಹತ್ತು ದಿನ ಕೆಲಸ ಮಾಡಿಸುವ ಪುಟ್ಟ ಶಿಬಿರವೊಂದಕ್ಕೆ ನಾನು ಹೊರಟಿದ್ದೆ. ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಿಟಕಿಯಾಚೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು.

ಬಾದಾಮಿಯ ನಿಲ್ದಾಣ ಊರಿನಿಂದ ದೂರ. ಅಲ್ಲಿಂದ ಆಟೋದಲ್ಲಿ ತಲುಪಿದ ಮಣ್ಣಿನ ಮಾಳಿಗೆಯ ಮನೆಯಲ್ಲಿ ನನ್ನ ಜೊತೆಗಾರ ಅದಾಗಲೇ ಸೂಕ್ಷ್ಮದರ್ಶಕವನ್ನು ಹೊಂದಿಸಿಟ್ಟುಕೊಂಡಿದ್ದ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದ ತರುಣ, ಮಾತು ಕಡಿಮೆ. ನನ್ನ ಕಲ್ಪನೆಯನ್ನು ಪೂರ್ತಿ ಕೇಳಿ, "ಇರಬಹುದು ಮೇಡಂ, ನೋಡೋಣ" ಎಂದಷ್ಟೇ ಹೇಳಿದ. ಇಂತಹ ಶಿಬಿರಗಳಲ್ಲಿ ವಿಜ್ಞಾನವು ಚಿತ್ರಕ್ಕೆ ಅಲಂಕಾರವಾಗುವುದನ್ನೂ, ಚಿತ್ರವು ವಿಜ್ಞಾನದ ಜಾಹೀರಾತಾಗುವುದನ್ನೂ ನಾನು ಕಂಡಿದ್ದೆ. ಆ "ನೋಡೋಣ" ಎಂಬ ಮಾತು ನನಗೆ ಆಗ ತುಸು ಸಪ್ಪೆಯೆನಿಸಿದ್ದು ನಿಜ.

ಅಡುಗೆಮನೆಗೂ ಪ್ರಯೋಗಾಲಯಕ್ಕೂ ಇರುವ ನಂಟು ಹೊಸದೇನಲ್ಲ ಎಂಬುದನ್ನು ಮೊದಲ ಸಂಜೆ ಅವನೇ ವಿವರಿಸಿದ. ಜರ್ಮನಿಯ ಜೀವಾಣು ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಜೀವಾಣುಗಳನ್ನು ಬೆಳೆಸಲು ಬಳಸುತ್ತಿದ್ದ ಜೆಲಾಟಿನ್ ಸೆಕೆಗೆ ಕರಗಿ ನೀರಾಗುತ್ತಿತ್ತು. 1881ರ ಸುಮಾರಿಗೆ ಅಲ್ಲಿನ ಸಹಾಯಕರೊಬ್ಬರ ಪತ್ನಿ ಫ್ಯಾನಿ ಹೆಸ್ಸೆ, ತಾವು ಸಿಹಿತಿನಿಸು ಗಟ್ಟಿಯಾಗಲು ಹಾಕುತ್ತಿದ್ದ, ಕಡಲಪಾಚಿಯಿಂದ ಬರುವ ಅಗರ್ ಅನ್ನು ಬಳಸಿ ನೋಡಿ ಎಂದರು. ಇಂದಿಗೂ ಜಗತ್ತಿನ ಪ್ರಯೋಗಾಲಯಗಳು ಅದನ್ನೇ ಬಳಸುತ್ತಿವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಬಣ್ಣಬಣ್ಣದ ಜೀವಾಣುಗಳನ್ನು ಬೆಳೆಸಿ ಚಿತ್ರ ಬಿಡಿಸುತ್ತಿದ್ದರೆಂದು ತಿಳಿದ ಮೇಲಂತೂ ನನಗೆ ತಡೆಯಲಾಗಲಿಲ್ಲ. ಅಂದೇ ಅಗರ್ ತುಂಬಿದ ಎಂಟು ಗಾಜಿನ ತಟ್ಟೆಗಳ ಮೇಲೆ ಮಜ್ಜಿಗೆಯಲ್ಲಿ ಅದ್ದಿದ ಕಡ್ಡಿಯಿಂದ ಗಡಿಗೆಯ ಚಿತ್ರ ಬರೆದೆ.

ಮರುದಿನ ಬನಶಂಕರಿಗೆ ಹೋದೆವು. ಬನದ ಹುಣ್ಣಿಮೆಯ ತೇರು ಮುಗಿದಿದ್ದರೂ ಜಾತ್ರೆ ಇನ್ನೂ ನೆರೆದಿತ್ತು. ಶಾಕಂಬರಿಯೆಂದೇ ಹೆಸರಾದ, ಪಲ್ಯದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಯಗಳ ನೈವೇದ್ಯ ಪಡೆಯುವ ಈ ದೇವಿಯ ಗುಡಿಯ ಮುಂದೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಖಡಕ್ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಡಿಗೆ ಮೊಸರು ಮಾರುವುದು ಹಳೆಯ ರೂಢಿ. ಮರದ ನೆರಳಲ್ಲಿ ಕುಳಿತಿದ್ದ ಹಿರಿಯಳೊಬ್ಬಳು ಅಂಗೈಯಗಲದ ಗಡಿಗೆಯನ್ನು ರೊಟ್ಟಿಯ ಮೇಲೆ ಬೋರಲು ಹಾಕಿದಳು. ಮೊಸರು ಒಂದೇ ಗಡ್ಡೆಯಾಗಿ ಇಳಿಯಿತು. ಕೆನೆಯ ಪದರು ಮುರಿಯಲಿಲ್ಲ, ಹನಿ ನೀರೂ ಬಿಡಲಿಲ್ಲ. ನಾನು ಖಾಲಿ ಗಡಿಗೆಯನ್ನು ಕೊಳ್ಳುತ್ತೇನೆಂದಾಗ ಅವಳು, "ಮೊಸರ ತಗೋರಿ ಅಕ್ಕಾರ, ಗಡಗಿ ಕೊಡೂದಿಲ್ಲ" ಎಂದಳು. ಬಹಳ ಕೇಳಿಕೊಂಡ ಮೇಲೆ ಬಾಯಿ ಒಡೆದ ಒಂದನ್ನು ಕೊಟ್ಟಳು, ಹಣ ಮುಟ್ಟಲಿಲ್ಲ. ಅವಳ ಹೆಪ್ಪನ್ನೂ ಒಂದು ಚಮಚದಷ್ಟು ಪಡೆದು, ಕುಂಬಾರರ ಬಳಿ ಎರಡು ಹೊಸ ಗಡಿಗೆಗಳನ್ನು ಕೊಂಡು ಮರಳಿದೆವು.

ನಾನಾದರೆ ಹಳೆಯ ಗಡಿಗೆಗೆ ನೇರವಾಗಿ ಹಾಲು ಸುರಿದು, ಹೆಪ್ಪಾದೊಡನೆ ಸಂಭ್ರಮಿಸುತ್ತಿದ್ದೆ. ಜೊತೆಗಾರ ಒಪ್ಪಲಿಲ್ಲ, ಹೋಲಿಸಿ ನೋಡಲು ಏನೂ ಇರದಿದ್ದರೆ ಏನೂ ತಿಳಿಯುವುದಿಲ್ಲವೆಂದ. ಎಮ್ಮೆ ಹಾಲನ್ನು ಕಾಯಿಸಿ, ಬೆರಳಿಗೆ ಹಿತವಾಗುವಷ್ಟು ಆರಿಸಿ, ಸ್ಟೀಲ್ ಬೋಗುಣಿಗೂ ಒಂದು ಹೊಸ ಗಡಿಗೆಗೂ ಹೆಪ್ಪು ಹಾಕಿದೆವು. ಇನ್ನೊಂದು ಹೊಸ ಗಡಿಗೆಗೂ ತಣ್ಣೀರಿನಲ್ಲಿ ಗಲಬರಿಸಿಟ್ಟಿದ್ದ ಹಳೆಯ ಗಡಿಗೆಗೂ ಹೆಪ್ಪಿಲ್ಲದ ಹಾಲನ್ನು ತುಂಬಿದೆವು. ನಾಲ್ಕಕ್ಕೂ ಒಂದೇ ಕಂಬಳಿ ಹೊದಿಸಿದೆವು.

ಬೆಳಿಗ್ಗೆ ಬೋಗುಣಿಯ ಮೊಸರಿನ ಮೇಲೆ ತಿಳಿನೀರು ನಿಂತಿತ್ತು. ಹೆಪ್ಪು ಹಾಕಿದ ಹೊಸ ಗಡಿಗೆಯ ಮೊಸರು ಗಟ್ಟಿಯಾಗಿತ್ತು. ಅದರ ಮಣ್ಣು ನೀರನ್ನು ಹೀರಿ, ಹೊರಮೈ ಬೆವರಿದಂತೆ ಒದ್ದೆಯಾಗಿತ್ತು. ಹೆಪ್ಪಿಲ್ಲದ ಹೊಸ ಗಡಿಗೆಯಲ್ಲಿ ಹಾಲು ಹಾಲಾಗಿಯೇ ಇತ್ತು. ಹಳೆಯ ಗಡಿಗೆಯ ಹಾಲು ಮಾತ್ರ ಹೆಪ್ಪಿಲ್ಲದೆಯೇ ಒಡೆದುಕೊಂಡು ನಿಂತಿತ್ತು. ನನ್ನ ಕಲ್ಪನೆ ಗೆದ್ದಿತೆಂದು ನಾನು ಹಿಗ್ಗಿದೆ. ಚಮಚ ಅದ್ದಿ ಎತ್ತಿದಾಗ ಅದು ನೂಲುನೂಲಾಗಿ ಇಳಿಯಿತು, ವಾಸನೆಯೂ ಸರಿಯಿರಲಿಲ್ಲ.

ಅವನು ಎರಡು ಗಾಜಿನ ಪಟ್ಟಿಗಳ ಮೇಲೆ ಎರಡು ಮೊಸರನ್ನೂ ತೆಳ್ಳಗೆ ಸವರಿ, ದೀಪದ ಮೇಲೆ ಆಡಿಸಿ ಒಣಗಿಸಿ, 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಕಂಡುಹಿಡಿದ ಕ್ರಮದಲ್ಲಿ ಬಣ್ಣ ಕಟ್ಟಿದ: ಮೊದಲು ನೇರಳೆ, ಆಮೇಲೆ ಅಯೋಡಿನ್, ಆಲ್ಕೋಹಾಲಿನ ತೊಳೆತ, ಕೊನೆಗೆ ಕೆಂಪು. ಕೋಶದ ಗೋಡೆ ದಪ್ಪವಾಗಿದ್ದವು ನೇರಳೆಯನ್ನು ಬಿಡುವುದಿಲ್ಲ, ತೆಳುವಾಗಿದ್ದವು ಅದನ್ನು ಕಳೆದುಕೊಂಡು ಕೆಂಪನ್ನು ಹಿಡಿಯುತ್ತವೆ. ಗುಳೇದಗುಡ್ಡದ ಖಣದ, ಅಂದರೆ ಬಣ್ಣದ ರವಿಕೆ ಬಟ್ಟೆಯ, ನಾಡಿನವಳಾದ ನನಗೆ ಬಣ್ಣ ಹಿಡಿಯುವ, ಬಿಡುವ ಈ ಮಾತು ಬೇಗ ತಿಳಿಯಿತು. ಒಳ್ಳೆಯ ಮೊಸರಿನಲ್ಲಿ ಜೋಳದ ಕಾಳು ಪೋಣಿಸಿದಂತಹ ಸರಗಳು, ನಡುನಡುವೆ ಕಡ್ಡಿಗಳು, ಎಲ್ಲವೂ ನೇರಳೆ. ಹಳೆಯ ಗಡಿಗೆಯದರಲ್ಲಿ ಅವುಗಳ ನಡುವೆ ದಪ್ಪನೆಯ ಯೀಸ್ಟ್ ಕೋಶಗಳೂ, ಗುಲಾಬಿ ಬಣ್ಣದ ಗಿಡ್ಡ ಕಡ್ಡಿಗಳೂ ತುಂಬಿದ್ದವು. "ಗಡಿಗೆಗೆ ನೆನಪಿದೆ ಮೇಡಂ," ಎಂದ ಅವನು, "ಆದರೆ ಏನನ್ನು ನೆನಪಿಡಬೇಕೆಂಬುದು ಗೊತ್ತಿಲ್ಲ. ಇದನ್ನು ತಿನ್ನಬೇಡಿ."

ಮರುದಿನ ನಸುಕಿನಲ್ಲಿ ಮೊಸರು ಮಾರುವ ಆ ಹಿರಿಯಳ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆವು. ಅವಳು ನಕ್ಕು ಒಲೆಯ ಕಡೆ ಕೈ ತೋರಿಸಿದಳು. ಕುಳ್ಳಿನ ಕೆಂಡದ ಮೇಲೆ ನಿನ್ನೆಯ ಗಡಿಗೆಗಳು ಬೋರಲಾಗಿ ಕಾಯುತ್ತಿದ್ದವು. ಒಂದೊಂದನ್ನೇ ಬಟ್ಟೆಯಲ್ಲಿ ಹಿಡಿದು ಹೊರಳಿಸಿ ಅಂಗಳಕ್ಕೆ ಸಾಗಿಸುತ್ತಿದ್ದಳು. "ಗಡಗಿ ಸುಡದಿದ್ರ ಮೊಸರ ನಾರತೈತ್ರಿ. ಹೆಪ್ಪು ಬ್ಯಾರೇನ ಇರತೈತಿ" ಎನ್ನುತ್ತ ಮುಚ್ಚಳದ ಡಬ್ಬಿಯೊಂದನ್ನು ತೋರಿಸಿದಳು. ನಾನು ಯಾವುದನ್ನು ನೆನಪೆಂದು ಕೊಂಡಾಡಲು ಬಂದಿದ್ದೆನೋ ಅದನ್ನು ಅವಳು ದಿನವೂ ಬೆಳಿಗ್ಗೆ ಸುಟ್ಟು ಕಳೆಯುತ್ತಿದ್ದಳು. ಆ ಮುಂಜಾನೆ ಒಲೆಯ ಪಕ್ಕದಲ್ಲಿ ಕುಳಿತು ಹನ್ನೊಂದು ಚಿತ್ರ ಬರೆದೆ. ಹತ್ತು ದಿನಗಳಲ್ಲಿ ನನಗೆ ಒಪ್ಪಿಗೆಯಾದ ಕೆಲಸ ಅಷ್ಟೇ.

ಅಗರ್ ತಟ್ಟೆಗಳ ಕಥೆ ಬೇರೆ. ಮೊಸರಿನ ಜೀವಾಣುಗಳಿಗೆ ಬಣ್ಣವಿಲ್ಲ. ಮಾಸಲು ಹಳದಿಯ ಮೇಲೆ ಮೂಡಿದ ಮಾಸಲು ಬಿಳಿಯ ಚಿತ್ರವನ್ನು ಕಾಣಲು ನಾನು ಮತ್ತೆ ಮತ್ತೆ ಮುಚ್ಚಳ ತೆರೆದೆ. ನಾಲ್ಕನೆಯ ದಿನ ಎಂಟರಲ್ಲಿ ಆರಕ್ಕೆ ಹಸಿರು ಬೂಷ್ಟು ಹಿಡಿಯಿತು. ಅಂದು ಮಧ್ಯಾಹ್ನ ಬೇಸರಕ್ಕೆ ಗುಹೆಗಳನ್ನು ಹತ್ತಿದೆವು. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಅಳಿದುಳಿದ ವರ್ಣಚಿತ್ರದ ತುಣುಕುಗಳನ್ನು ನಾನು ಹುಡುಕುತ್ತಿದ್ದರೆ, ಅವನು ಹೊರಗಿನ ಕೆಂಪು ಬಂಡೆಯ ಮೇಲಿನ ಕಪ್ಪು ಕಲೆಗಳನ್ನೇ ನೋಡುತ್ತ ನಿಂತಿದ್ದ.

ಕೊನೆಯ ಸಂಜೆ, ಬೆಳೆಸಿದ ಜೀವಾಣುಗಳನ್ನು ಹಾಗೆಯೇ ಎಸೆಯುವಂತಿಲ್ಲವೆಂದು, ಎಂಟೂ ತಟ್ಟೆಗಳನ್ನು ಅಡುಗೆಮನೆಯ ಪ್ರೆಷರ್ ಕುಕ್ಕರಿನಲ್ಲಿಟ್ಟು ಅರ್ಧ ಗಂಟೆ ಬೇಯಿಸಿದೆವು. ಮುಚ್ಚಳ ತೆಗೆದಾಗ ಅಗರ್ ಗಂಜಿಯಂತೆ ಕರಗಿತ್ತು, ಗಡಿಗೆಯ ಗೆರೆಯೊಂದೂ ಉಳಿದಿರಲಿಲ್ಲ.

ಹೊರಡುವಾಗ ಅವಳು ಕೊಟ್ಟ ಹೆಪ್ಪನ್ನು ಡಬ್ಬಿಯಲ್ಲಿ ತಂದು, ವಿಜಯಪುರದ ಮನೆಯಲ್ಲಿ ಪ್ಯಾಕೆಟ್ ಹಾಲಿಗೆ ಹಾಕಿದೆ. ಸ್ಟೀಲ್ ಪಾತ್ರೆಯಲ್ಲಿ ಮೊಸರು ನೀರುನೀರಾಗಿಯೇ ಆಯಿತು. ಈಗ ಎಮ್ಮೆ ಹಾಲಿಗೆ ಹೇಳಿಟ್ಟಿದ್ದೇನೆ. ಗಡಿಗೆಯನ್ನು ಗ್ಯಾಸಿನ ಉರಿಯ ಮೇಲೆ ಬೋರಲು ಹಾಕುತ್ತೇನೆ.