ಡಬ್ಬಿ ಕೇಳಿದರೆ ಡಿಲಕ್ಸೂ ಬಂತು
ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಇಂದು ಎಕ್ಸೆಲ್ ಪಂಚಾಯಿತಿ. ‘ಡಬ್ಬಿ’ ಎಂಬ ಮೆಣಸಿನಕಾಯಿ ಬಗೆಯ ದರ ತರಲು, ಷರತ್ತಿಗೆ ಹೊಂದುವ ಒಂದೇ ಸಾಲಿನಿಂದ ಬೇಕಾದ್ದನ್ನು ಹೆಕ್ಕಿ ಕೊಡುವ ಡಿಗೆಟ್ (DGET) ಸೂತ್ರ ಹಾಕಿದರೆ ‘#ನಮ್!’ (#NUM!) ಎಂಬ ದೋಷದ ಉತ್ತರ. ಹಾಳೆಯಲ್ಲಿ ಡಬ್ಬಿ ಇರುವುದು ಒಂದೇ ಸಾಲು; ಗುಮಾಸ್ತರಿಗೆ ಕಂಪ್ಯೂಟರಿನ ಮೇಲೆಯೇ ಸಂಶಯ.

ಡಿಗೆಟ್ ಮಹಾ ಹಟಮಾರಿ. ಒಂದು ಸಾಲೂ ಸಿಗದಿದ್ದರೆ ‘#ವ್ಯಾಲ್ಯೂ!’, ಒಂದಕ್ಕಿಂತ ಹೆಚ್ಚು ಸಿಕ್ಕರೆ ‘#ನಮ್!’. ಷರತ್ತಿನ ಕೋಶದಲ್ಲಿ ಬರೀ ಡಬ್ಬಿ ಎಂದಿದ್ದರೆ ಡಬ್ಬಿಯಿಂದ ಶುರುವಾಗುವುದನ್ನೆಲ್ಲ ಅದು ಲೆಕ್ಕಕ್ಕೆ ಹಿಡಿಯುತ್ತದೆ, ಕೆಳಗಿನ ‘ಡಬ್ಬಿ ಡಿಲಕ್ಸ್’ ಸಮೇತ. ="=ಡಬ್ಬಿ" ಎಂದು ಬರೆದ ಮೇಲೆ ದರ ತೆಪ್ಪಗೆ ಬಂದು ಕುಳಿತಿತು.

ಅಷ್ಟರಲ್ಲಿ ಯಾರೋ, ‘ಇಫ್‌ಎರರ್ ಹಾಕಿ ಮುಚ್ಚಿಬಿಡಿ’ ಎಂದಿದ್ದರು; ದೋಷದ ಜಾಗದಲ್ಲಿ ಖಾಲಿಯನ್ನೋ ಬೇರೇನನ್ನೋ ತೋರಿಸುವ ಸೂತ್ರ ಅದು. ಈ ಸಲಹೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮುಚ್ಚಿದ್ದರೆ ಹಾಳೆ ಚೊಕ್ಕಟವಾಗಿಯೇ ಕಾಣುತ್ತಿತ್ತು. ರೈತರ ಕೈಗೆ ಮಾತ್ರ ದರವಿಲ್ಲದ ಪಟ್ಟಿ ಹೋಗುತ್ತಿತ್ತು.